ಬೆಂಕಿ ಆರಿದ ಮೇಲೂ ಗೇಟಿಗೆ ಬೀಗ ಯಾಕೆ?

ಓದುಗರ ಪತ್ರ: ಕಾಡಿನೊಳಗೆ ನಮ್ಮದೊಂದು ಚಿಕ್ಕ ಕ್ಯಾಬಿನ್ ಇದೆ. ಕಾಡ್ಗಿಚ್ಚಿಗೆ ಸುತ್ತಲಿನ ಮರಗಳೆಲ್ಲ ಸುಟ್ಟರೂ ಅದು ಉಳಿದಿದೆಯಂತೆ. ಬೆಂಕಿ ಆರಿ ಮೂರು ವಾರವಾಯಿತು, ಈಗ ಹೊಗೆಯೂ ಇಲ್ಲ. ಆದರೂ ರಸ್ತೆಯ ಗೇಟಿಗೆ ಬೀಗ. ಕೇಳಿದರೆ ‘ಸುರಕ್ಷಿತವಲ್ಲ’ ಅನ್ನುತ್ತಾರೆ, ಅಷ್ಟೇ. ಪಕ್ಕದ ಕ್ಯಾಬಿನ್ನಿನವರು ಕಾಲುದಾರಿ ಹಿಡಿದು ಹೋಗಿ ನೋಡಿಕೊಂಡು ಬಂದರು. ನಾವೂ ಹಾಗೇ ಹೋದರೆ ತಪ್ಪೇನು? ಗೇಟು ತೆಗೆದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಸಂಪಾದಕರ ಉತ್ತರ: ಕಾಲುದಾರಿಯಲ್ಲಿ ಹೋಗಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಉತ್ತರ ಓದುವ ಹೊತ್ತಿಗೆ ನೀವು ಹೊರಡುವ ತಯಾರಿಯಲ್ಲಿರಬಹುದು. ಪಕ್ಕದವರು ಕ್ಷೇಮವಾಗಿ ವಾಪಸ್ ಬಂದದ್ದು ಸಂತೋಷ. ಆದರೆ ಆ ದಾರಿ ಸರಿಯಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಮೇಲಿನ ಬೆಂಕಿ ಆರಿದರೂ ನೆಲದೊಳಗಿನದು ಆರಿರಲೇಬೇಕು ಅಂತಿಲ್ಲ. ಮರದ ಬೇರುಗಳು ಮಣ್ಣಿನಡಿ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ನಿಧಾನವಾಗಿ ಉರಿಯುತ್ತಿರಬಹುದು. ಬೇರು ಉರಿದು ಹೋದ ಜಾಗ ಟೊಳ್ಳಾಗುತ್ತದೆ. ಮೇಲೆ ತೆಳ್ಳಗೆ ಬೂದಿ, ಒಂದಿಷ್ಟು ಮಣ್ಣು. ನೋಡುವುದಕ್ಕೆ ಗಟ್ಟಿ ನೆಲ. ಕಾಲಿಟ್ಟರೆ ಮೊಣಕಾಲಿನ ತನಕ ಕೆಂಡದೊಳಗೆ. ಹೊಗೆ ಕಾಣುತ್ತಿಲ್ಲ ಅಂತ ಬರೆದಿದ್ದೀರಿ. ಇಂಥ ಗುಂಡಿಗಳಿಂದ ಹೊಗೆ ಬರಲೇಬೇಕು ಅಂತಿಲ್ಲ.

ಇನ್ನು ಮರಗಳು. ಪೂರ್ತಿ ಕಪ್ಪಾದ ಮರದ ಹತ್ತಿರ ಯಾರೂ ನಿಲ್ಲುವುದಿಲ್ಲ. ನನಗೆ ಹೆಚ್ಚು ಭಯ ಹಸಿರಾಗಿಯೇ ಉಳಿದ ಮರಗಳದ್ದು. ತುದಿಯಲ್ಲಿ ಎಲೆ ಇರುತ್ತದೆ, ಬುಡದಲ್ಲಿ ಒಂದು ಮಗ್ಗುಲು ಸುಟ್ಟು ಪೊಳ್ಳಾಗಿರುತ್ತದೆ. ಅಂಥದ್ದು ಗಾಳಿಯೇ ಇಲ್ಲದ ಮಧ್ಯಾಹ್ನ ಉರುಳಬಹುದು. ಅದಕ್ಕೇ ರಸ್ತೆಯ ಎರಡೂ ಬದಿಯ ಮರಗಳನ್ನು ಒಂದೊಂದಾಗಿ ನೋಡಿ, ಗುರುತು ಹಾಕಿ, ಕಡಿದು, ಆಮೇಲೆ ದಾರಿ ಬಿಡುತ್ತಾರೆ. ಇದಕ್ಕೆ ದಿನ ಹಿಡಿಯುತ್ತದೆ. ಕಾಲುದಾರಿಯಲ್ಲಿ ಆ ಕೆಲಸ ಯಾರೂ ಮಾಡಿರುವುದಿಲ್ಲ.

ರಸ್ತೆಯ ವಿಷಯವೂ ಹಾಗೇ. ಕಾಡಿನ ರಸ್ತೆಗಳಡಿ ಕೆಲವು ಕಡೆ ಪ್ಲಾಸ್ಟಿಕ್ ಪೈಪಿನ ಮೋರಿಗಳಿರುತ್ತವೆ. ಬೆಂಕಿಗೆ ಪೈಪು ಕರಗಿ ಹೋದರೂ ಮೇಲಿನ ರಸ್ತೆ ಸ್ವಲ್ಪ ದಿನ ಹಾಗೇ ನಿಂತಿರಬಹುದು. ಭಾರದ ಗಾಡಿ ಬಂದಾಗ ಕುಸಿಯುತ್ತದೆ. ಮೋರಿಯೊಳಗೆ ಇಣುಕಿ ನೋಡದೆ ಇದು ಗೊತ್ತಾಗುವುದಿಲ್ಲ.

ಮಳೆ ಬಂದರೆ ಎಲ್ಲ ತಣ್ಣಗಾಗುತ್ತದೆ ಅನ್ನುವ ನಂಬಿಕೆ ಕೆಲವರಿಗಿದೆ. ಇಳಿಜಾರಿನ ಕೆಳಗೆ ಕ್ಯಾಬಿನ್ ಇರುವವರಿಗೆ ಮಳೆಯೇ ದೊಡ್ಡ ಅಪಾಯ. ಗಿಡಗಂಟಿ, ತರಗೆಲೆ ಸುಡುವಾಗ ಅವುಗಳ ಮೇಣದಂಥ ಅಂಶ ಆವಿಯಾಗಿ ಮಣ್ಣಿಗಿಳಿದು, ಸ್ವಲ್ಪ ಕೆಳಗೆ ಪದರವಾಗಿ ಕೂರುತ್ತದೆ. ನೀರು ಇಂಗುವುದಿಲ್ಲ. ಹಿಡಿದಿಡಲು ಬೇರೂ ಇಲ್ಲ. ಕ್ಯಾಲಿಫೋರ್ನಿಯಾದ ಮೊಂಟೆಸಿಟೊದಲ್ಲಿ ಆದದ್ದು ಇದೇ. 2017ರ ಡಿಸೆಂಬರಿನಲ್ಲಿ ಮೇಲಿನ ಬೆಟ್ಟ ಸುಟ್ಟಿತು. 2018ರ ಜನವರಿ 9ರ ನಸುಕಿನಲ್ಲಿ ಜೋರು ಮಳೆ ಬಂತು. ಕೆಸರು, ಬಂಡೆ, ಮರ ಒಟ್ಟಿಗೆ ಇಳಿದು 23 ಜನ ಸತ್ತರು. ಹಾಗಾಗಿ ಗೇಟು ತೆಗೆದ ಮೇಲೂ ಮಳೆಯ ಮುನ್ಸೂಚನೆ ಇದ್ದ ದಿನ ಹೋಗಬೇಡಿ. ಮೊದಲ ಒಂದೆರಡು ವರ್ಷ ಈ ಎಚ್ಚರ ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಸಿಟ್ಟು ನ್ಯಾಯವಾದದ್ದೇ. ‘ಸುರಕ್ಷಿತವಲ್ಲ’ ಅನ್ನುವ ಒಂದು ಮಾತು ಉತ್ತರವಾಗುವುದಿಲ್ಲ. ಯಾವ ತಿರುವಿನಲ್ಲಿ ಮರ ಬಾಕಿ ಇದೆ, ಯಾವ ಸೇತುವೆ ನೋಡಬೇಕಿದೆ, ಮತ್ತೆ ಯಾವತ್ತು ಪರಿಶೀಲಿಸುತ್ತಾರೆ, ಇದನ್ನು ಹೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಬೆಂಕಿಗಳ ನಂತರ ಯಾವ ಕಟ್ಟಡಕ್ಕೆ ಎಷ್ಟು ಹಾನಿ ಅಂತ ತೋರಿಸುವ ನಕ್ಷೆಯನ್ನೇ ಜನರ ಮುಂದಿಡುತ್ತಾರೆ. ಮನೆ ಉಳಿದಿದೆಯಾ ಇಲ್ಲವಾ ಅಂತ ಗೊತ್ತಾದರೆ ಎಷ್ಟೋ ಜನ ಕದ್ದು ಹೋಗುವ ಯೋಚನೆಯನ್ನೇ ಬಿಡುತ್ತಾರೆ. ಅಕ್ಕಪಕ್ಕದ ಕ್ಯಾಬಿನ್ನಿನವರೆಲ್ಲ ಸೇರಿ ಒಂದೇ ಅರ್ಜಿ ಬರೆಯಿರಿ. ಕಾರಣ ಕೇಳಿ, ದಿನಾಂಕ ಕೇಳಿ. ಔಷಧಿ, ದಾಖಲೆ ತರಬೇಕಿದ್ದವರಿಗೆ ಸಿಬ್ಬಂದಿ ಜೊತೆಯಲ್ಲಿ ಒಂದರ್ಧ ಗಂಟೆ ಹೋಗಿಬರಲು ಅವಕಾಶ ಕೇಳಿ.

ದಾರಿ ತೆರೆದ ದಿನ ಬೆಳಗ್ಗೆಯೇ ಹೊರಡಿ, ಒಬ್ಬರೇ ಹೋಗಬೇಡಿ. ಗಾಡಿಯನ್ನು ಮರದಡಿ ನಿಲ್ಲಿಸದೆ, ಹೊರಟು ಬರಲು ಅನುಕೂಲವಾಗುವಂತೆ ತಿರುಗಿಸಿ ನಿಲ್ಲಿಸಿ. ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ನೋಡಿ. ಗ್ಯಾಸ್ ವಾಸನೆ ಬಂದರೆ, ತಂತಿ ಜೋತುಬಿದ್ದಿದ್ದರೆ ಅಲ್ಲಿಂದಲೇ ವಾಪಸ್. ಸಿಲಿಂಡರಿಗೆ ಬೆಂಕಿಯ ಬಿಸಿ ತಾಗಿದ್ದರೆ ಅದರ ವಾಲ್ವ್ ಮುಟ್ಟಬೇಡಿ, ಸರಬರಾಜು ಮಾಡುವವರನ್ನೇ ಕರೆಸಿ. ಜನರೇಟರನ್ನು ಮನೆಯ ವೈರಿಂಗಿಗೆ ನೇರವಾಗಿ ಜೋಡಿಸಬೇಡಿ. ಆ ಕರೆಂಟು ಹೊರಗಿನ ಲೈನಿಗೆ ಹೋಗಿ, ಅದನ್ನು ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವ ತೆಗೆಯಬಹುದು.

ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಅನ್ನುವ ಊರು ಕಾಡ್ಗಿಚ್ಚಿಗೆ ಸುಟ್ಟ ಮೇಲೆ ಅಲ್ಲಿನ ಪೈಪುಗಳ ನೀರಿನಲ್ಲಿ ಬೆಂಜೀನ್ ಸಿಕ್ಕಿತು. ಕ್ಯಾನ್ಸರ್ ತರುವ ವಸ್ತು ಅದು. ಕುದಿಸಿದರೆ ಆವಿಯಾಗಿ ನೀವು ಉಸಿರಾಡುವ ಗಾಳಿಗೆ ಸೇರುತ್ತದೆ. ನಿಮ್ಮದು ಸ್ವಂತ ಬಾವಿಯಾದರೂ ಪೈಪಿಗೆ, ಮುಚ್ಚಳಕ್ಕೆ ಬಿಸಿ ತಾಗಿದೆಯಾ ನೋಡಿ, ನೀರು ಪರೀಕ್ಷೆಯಾಗುವ ತನಕ ಕ್ಯಾನಿನ ನೀರೇ ಇರಲಿ.

ಮಕ್ಕಳ ವಿಷಯ. ಬೂದಿ ತೆಗೆಯುವ ತನಕ ಖಂಡಿತ ಬೇಡ. ಸುಟ್ಟ ಕಟ್ಟಡದ ಬೂದಿ ಬರೀ ಕಟ್ಟಿಗೆಯ ಬೂದಿಯಲ್ಲ. ಹಳೇ ಬಣ್ಣದ ಸೀಸ, ಹಳೇ ಶೀಟಿನ ಕಲ್ನಾರು (ಆಸ್ಬೆಸ್ಟಾಸ್) ಅದರಲ್ಲಿರಬಹುದು. ಹುಳ ಹಿಡಿಯದಂತೆ ಔಷಧಿ ಹೊಡೆದ ಹಳೇ ಮರದ ಬೂದಿಯಲ್ಲಿ ಆರ್ಸೆನಿಕ್ ಕೂಡ ಇರಬಹುದು. ನಿಮ್ಮದು ಉಳಿದರೂ ಪಕ್ಕದವರ ಶೆಡ್ ಸುಟ್ಟಿದ್ದರೆ ಆ ಬೂದಿ ನಿಮ್ಮ ಜಗುಲಿಗೂ ಹಾರಿ ಬಂದಿರುತ್ತದೆ. ಮಕ್ಕಳು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತಾರೆ ಅಲ್ವಾ? ದೊಡ್ಡವರೂ ಬಟ್ಟೆಯ ಮಾಸ್ಕ್ ನೆಚ್ಚಬೇಡಿ, ಎನ್95 ಹಾಕಿ. ಒಣ ಬೂದಿ ಗುಡಿಸಬೇಡಿ, ಮೊದಲು ನೀರು ಚಿಮುಕಿಸಿ. ಆದರೆ ಅದಕ್ಕೂ ಮುಂಚೆ ಎಲ್ಲದರ ಫೋಟೋ ತೆಗೆದಿಡಿ, ವಿಮೆಯವರು ಕೇಳುತ್ತಾರೆ.