ಯಾಟ್ ಹತ್ತುವ ಮುನ್ನ ಪಂಚಾಂಗ ನೋಡಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೂ ಗ್ರೇಟ್ ಬ್ಯಾರಿಯರ್ ರೀಫ್‌ಗೂ ನಡುವೆ ವಿಟ್ಸಂಡೇ ದ್ವೀಪಗಳಿವೆ. ಒಟ್ಟು 74. ಅಲ್ಲಿ ಯಾಟ್, ಅಂದರೆ ಮಲಗಲು, ಅಡುಗೆಗೆ ಅನುಕೂಲವಿರುವ ಹಾಯಿದೋಣಿ, ಬಾಡಿಗೆಗೆ ಪಡೆದು ತಾವೇ ನಡೆಸಿಕೊಂಡು ಸುತ್ತುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರ.

ಪ್ರಶ್ನೆ: ನಾವು ಆರು ಮಂದಿ, ಏಳು ದಿನದ ರಜೆ. ಯಾರಿಗೂ ಬೋಟ್ ಲೈಸೆನ್ಸ್ ಇಲ್ಲ. ಯಾಟ್ ಕೊಡುತ್ತಾರೆಯೇ? ಯಾವ ತಿಂಗಳು ಒಳ್ಳೆಯದು? (ಓದುಗರು, ಬ್ರಿಸ್ಬೇನ್)

ಕೊಡುತ್ತಾರೆ. ನಾವಿಕನಿಲ್ಲದೆ ಬರೀ ದೋಣಿಯನ್ನು ಬಾಡಿಗೆಗೆ ಕೊಡುವ ಈ ಪದ್ಧತಿಗೆ ಬೇರ್‌ಬೋಟ್ ಎನ್ನುತ್ತಾರೆ. ವಿಟ್ಸಂಡೇಯಲ್ಲಿ ಇದಕ್ಕೆ ಲೈಸೆನ್ಸ್ ಕೇಳುವುದಿಲ್ಲ. ಹೊರಡುವ ಮುನ್ನ ಕೆಲವು ಗಂಟೆಗಳ ತರಬೇತಿ ಕೊಡುತ್ತಾರೆ. ದಿನವೂ ರೇಡಿಯೊದಲ್ಲಿ ನೀವೆಲ್ಲಿದ್ದೀರಿ ಎಂದು ತಿಳಿಸಬೇಕು, ಸಂಜೆ ನಾಲ್ಕರೊಳಗೆ ಲಂಗರು ಹಾಕಿರಬೇಕು, ರಾತ್ರಿ ಓಡಿಸುವಂತಿಲ್ಲ. ಆರು ಮಂದಿಯಲ್ಲಿ ಒಬ್ಬರೂ ಹಾಯಿ ಮುಟ್ಟಿದವರಲ್ಲದಿದ್ದರೆ ಮೊದಲ ದಿನಕ್ಕಾದರೂ ಒಬ್ಬ ಮಾರ್ಗದರ್ಶಿಯನ್ನು ಕರೆದುಕೊಳ್ಳಿ. ಆ ದುಡ್ಡಿನಲ್ಲಿ ಉಳಿತಾಯ ಮಾಡಬೇಡಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2017ರ ಮಾರ್ಚ್ 28ರಂದು ಡೆಬಿ ಚಂಡಮಾರುತ ಅಪ್ಪಳಿಸಿದ್ದು ಈ ದ್ವೀಪಗಳಿಗೆ ಹೊರಡುವ ಊರಾದ ಏರ್ಲಿ ಬೀಚ್ ಸುತ್ತಲ ಕರಾವಳಿಗೇ. ಏಪ್ರಿಲ್ ನಂತರ ಆಗ್ನೇಯದ ಗಾಳಿ ಬಿಡದೆ ಬೀಸುತ್ತದೆ, ಕೆಲವು ವಾರ 20–25 ನಾಟ್‌ಗೂ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಏರುತ್ತದೆ. ಹೊಸಬರಿಗೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಹಿತ. ಆಗ ಗಾಳಿ ಮೆತ್ತಗಿರುತ್ತದೆ, ಸೆಪ್ಟೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಕಾಣುತ್ತವೆ. ಅವುಗಳಿಂದ 300 ಮೀಟರ್ ದೂರ ಉಳಿಯುವುದು ಅಲ್ಲಿಯ ಕಾನೂನು.

ಪ್ರಶ್ನೆ: ಕಳೆದ ವರ್ಷ ಬೆಳಿಗ್ಗೆ ಏರ್ಲಿ ಬೀಚ್‌ನಿಂದ ಹುಕ್ ದ್ವೀಪದ ಕಡೆ ಹೊರಟಾಗ ಸಮುದ್ರ ಶಾಂತವಾಗಿತ್ತು. ಮಧ್ಯಾಹ್ನ ಅದೇ ಜಾಗದಲ್ಲಿ ಅಲೆ ಎದ್ದು ಎಲ್ಲರಿಗೂ ವಾಂತಿ. ಗಾಳಿ ಬದಲಾಗಿರಲಿಲ್ಲ. ಏನಾಗಿರಬಹುದು? (ಓದುಗರು, ಮೆಲ್ಬರ್ನ್)

ಗಾಳಿ ಬದಲಾಗಲಿಲ್ಲ, ಅಡಿಯ ನೀರು ತಿರುಗಿತು. ಕರಾವಳಿಗೂ ದ್ವೀಪಗಳಿಗೂ ನಡುವಿನ ವಿಟ್ಸಂಡೇ ಪ್ಯಾಸೇಜ್ ಎಂಬ ಜಲಮಾರ್ಗದಲ್ಲಿ ಉಬ್ಬರದ ನೀರು ದಕ್ಷಿಣಕ್ಕೆ ಹರಿಯುತ್ತದೆ, ಇಳಿತದ ನೀರು ಉತ್ತರಕ್ಕೆ. ಗಾಳಿ ಬರುವುದು ಆಗ್ನೇಯದಿಂದ. ಇಳಿತವಿದ್ದಾಗ ನೀರೂ ಗಾಳಿಯೂ ಹೆಚ್ಚುಕಡಿಮೆ ಒಂದೇ ಕಡೆ ಸಾಗುವುದರಿಂದ ಅಲೆ ಚಪ್ಪಟೆಯಾಗಿರುತ್ತದೆ. ಉಬ್ಬರ ಶುರುವಾದರೆ ನೀರು ಗಾಳಿಗೆ ಎದುರು ನುಗ್ಗುತ್ತದೆ. ಆಗ ಅಲೆ-ಅಲೆಯ ನಡುವಿನ ಅಂತರ ಕುಗ್ಗಿ, ಒಂದೊಂದೂ ಗೋಡೆಯಂತೆ ನೆಟ್ಟಗೆ ಏಳುತ್ತದೆ. ದೋಣಿಯ ಮೂತಿ ಒಂದು ಅಲೆಯಿಂದ ಇಳಿಯುವಷ್ಟರಲ್ಲಿ ಮುಂದಿನದಕ್ಕೆ ಗುದ್ದಿಕೊಳ್ಳುತ್ತದೆ. ಹೊಟ್ಟೆ ತೊಳೆಸುವುದು ಈ ಗುದ್ದಾಟಕ್ಕೇ.

ಹವಾಮಾನ ವರದಿಯಲ್ಲಿ ಇದು ಕಾಣುವುದಿಲ್ಲ. ಏರ್ಲಿ ಬೀಚ್ ಹತ್ತಿರದ ಬಂದರು ಶೂಟ್ ಹಾರ್ಬರ್‌ನ ಉಬ್ಬರ-ಇಳಿತದ ಪಟ್ಟಿ ತೆಗೆದುಕೊಂಡು, ಪ್ಯಾಸೇಜ್ ದಾಟುವ ಹೊತ್ತು ಇಳಿತದೊಳಗೆ ಬೀಳುವಂತೆ ಹೊರಡಿ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಸೋಮವಾರದ ವೇಳಾಪಟ್ಟಿ ಗುರುವಾರಕ್ಕೆ ಹೊಂದುವುದಿಲ್ಲ.

ಇಲ್ಲಿ ನಮ್ಮ ಪಂಚಾಂಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು, ಸೆಳೆತ ಅತಿ ಜೋರು. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಇದೆಲ್ಲ ಸಪ್ಪೆ. ಶುಕ್ಲ ಪಕ್ಷವಾಗಲಿ ಕೃಷ್ಣ ಪಕ್ಷವಾಗಲಿ, ಷಷ್ಠಿಗೆ ಹೊರಟು ದ್ವಾದಶಿಗೆ ಮರಳುವಂತೆ ಏಳು ದಿನ ಹೊಂದಿಸಿಕೊಂಡರೆ ಪ್ರವಾಸದ ಹೆಚ್ಚಿನ ಭಾಗ ಮಂದ ನೀರಿನಲ್ಲೇ ಮುಗಿಯುತ್ತದೆ. ವೈಟ್‌ಹೆವನ್ ಬೀಚ್‌ನ ಆಗ್ನೇಯ ತುದಿಗಿರುವ ಸಾಲ್ವೇ ಪ್ಯಾಸೇಜ್‌ಗಂತೂ ಇದು ಬಹಳ ಮುಖ್ಯ. ಅಲ್ಲಿ ಸೆಳೆತ ನಾಲ್ಕು ನಾಟ್ ಮುಟ್ಟುತ್ತದೆ, ಸುಳಿಗಳೇಳುತ್ತವೆ. ಎಂಜಿನ್ ಮೇಲೆ ಆರು ನಾಟ್ ಹೋಗುವ ದೋಣಿ ಎದುರು ಸೆಳೆತದಲ್ಲಿ ಎರಡು ನಾಟ್‌ಗೆ ಇಳಿಯುತ್ತದೆ. ನೀರು ತಿರುಗುವ ಮುನ್ನ ಒಂದಿಷ್ಟು ಹೊತ್ತು ನಿಲ್ಲುತ್ತದಲ್ಲ, ಆಗ ಎಂಜಿನ್ ಹಾಕಿಕೊಂಡು ದಾಟಿ.

ಪ್ರಶ್ನೆ: ಮಗ-ಸೊಸೆ ಹೋಗಲಿದ್ದಾರೆ. ರಾತ್ರಿ ಲಂಗರು ಜಾರಿ ದೋಣಿ ಹವಳದ ಬಂಡೆಗೆ ಬಡಿಯುವ ಭಯ. ಲಂಗರಿಗೆ ಎಷ್ಟು ಚೈನ್ ಬಿಡಬೇಕು? (ಓದುಗರು, ಉಡುಪಿ)

ಸಂಜೆ ಕಂಡ ಆಳವನ್ನೇ ರಾತ್ರಿಯ ಆಳ ಎಂದುಕೊಂಡರೆ ಲಂಗರು ಜಾರಬಹುದು. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಒಂದೂವರೆ, ಎರಡು ಮೀಟರ್. ವಿಟ್ಸಂಡೇಯಲ್ಲಿ ದೊಡ್ಡ ಉಬ್ಬರಕ್ಕೆ ಮೂರು ಮೀಟರ್ ದಾಟುತ್ತದೆ.

ಲೆಕ್ಕ ಹೀಗೆ. ಮಧ್ಯಾಹ್ನ ಮೂರಕ್ಕೆ ಆಳಮಾಪಕ 6 ಮೀಟರ್ ತೋರಿಸುತ್ತಿದೆ. ಪಟ್ಟಿಯಲ್ಲಿ ಆ ಹೊತ್ತಿನ ನೀರಿನ ಮಟ್ಟ 0.8, ರಾತ್ರಿಯ ಉಬ್ಬರ 3.3. ಅಂದರೆ ಇನ್ನೂ 2.5 ಮೀಟರ್ ಏರಲಿದೆ, ಆಳ 8.5 ಆಗಲಿದೆ. ನೀರಿನಿಂದ ದೋಣಿಯ ಮೂತಿಗೆ 1.5 ಮೀಟರ್ ಎತ್ತರ ಸೇರಿಸಿದರೆ 10. ಅದರ ಐದು ಪಟ್ಟು, 50 ಮೀಟರ್ ಚೈನ್ ಬೇಕು. ಮಧ್ಯಾಹ್ನದ ಆಳ ನೋಡಿ 30 ಮೀಟರ್ ಬಿಟ್ಟು ಮಲಗಿದರೆ ನಡುರಾತ್ರಿಗೆ ಅದು ಬರೀ ಮೂರು ಪಟ್ಟು. ಚೈನ್ ನೆಲಕ್ಕೆ ಅಡ್ಡ ಮಲಗುವ ಬದಲು ಮೇಲಕ್ಕೆ ಜಗ್ಗುತ್ತದೆ, ಲಂಗರಿನ ಮೊನೆ ಮರಳಿನಿಂದ ಕಿತ್ತು ಬರುತ್ತದೆ.

ತಿರುಗುಮುರುಗಾದದ್ದೂ ಇದೆ. ತುಂಬು ಉಬ್ಬರದಲ್ಲಿ 5 ಮೀಟರ್ ಆಳಕ್ಕೆ ಲಂಗರು ಹಾಕಿ, ನೀರು 2.8 ಇಳಿದರೆ ಉಳಿಯುವುದು 2.2. ದೋಣಿಯ ತಳ 1.8 ಮೀಟರ್ ಕೆಳಗಿದ್ದರೆ ನಡುವೆ 40 ಸೆಂಟಿಮೀಟರ್ ಮಾತ್ರ. ಸಣ್ಣ ಅಲೆಯೊಂದು ತಗ್ಗಿದರೂ ತಳ ಮುಟ್ಟುತ್ತದೆ. ಆಳಮಾಪಕ ತೋರಿಸುವುದು ನೀರಿನ ಮೇಲ್ಮೈಯಿಂದಲೋ ದೋಣಿಯ ತಳದಿಂದಲೋ ಎಂದು ತರಬೇತಿಯಲ್ಲೇ ಕೇಳಿಕೊಳ್ಳಲಿ. ಈ ಗೊಂದಲಕ್ಕೇ ಹಲವು ದೋಣಿಗಳು ನೆಲ ಕಚ್ಚಿ ಕೂತಿವೆ.

ಹಾಕುವ ಕ್ರಮ: ಮೊದಲು ಹಿಂದೆ ಎಳೆದು ತರುವ ಡಿಂಗಿ ಎಂಬ ಪುಟ್ಟ ದೋಣಿಯ ಹಗ್ಗ ಮೋಟು ಮಾಡಿ. ಇಲ್ಲದಿದ್ದರೆ ಹಿಮ್ಮುಖ ಹೋಗುವಾಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಮೂತಿಯನ್ನು ಗಾಳಿಗೆ ತಿರುಗಿಸಿ, ದೋಣಿ ನಿಂತ ಮೇಲೆ ಬಿಳಿ ಮರಳು ಕಾಣುವಲ್ಲಿ ಲಂಗರು ಬಿಡಿ. ದೋಣಿ ಹಿಂದೆ ಸರಿದಂತೆ ಚೈನ್ ಬಿಡುತ್ತ ಹೋಗಿ, ರಾಶಿ ಬೀಳಲು ಬಿಡಬೇಡಿ. ಪೂರ್ತಿ ಬಿಟ್ಟ ಮೇಲೆ ಎಂಜಿನ್ ಹಿಮ್ಮುಖ ಹಾಕಿ ನಿಧಾನವಾಗಿ ವೇಗ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ದಡದ ಒಂದು ಮರ, ಅದರ ಹಿಂದಿನ ಒಂದು ಬಂಡೆ, ಇವೆರಡೂ ಒಂದೇ ಗೆರೆಯಲ್ಲಿ ಕದಲದೆ ನಿಂತರೆ ಲಂಗರು ಕಚ್ಚಿದೆ. ಕದಲಿದರೆ ಎತ್ತಿ ಮತ್ತೆ ಹಾಕಿ, ಮೂರು ಸಲವಾದರೂ ಸರಿ. ಚೈನ್ ಎತ್ತುವ ವಿಂಡ್‌ಲಾಸ್ ಮೋಟರಿನಿಂದ ದೋಣಿಯನ್ನೇ ಎಳೆಯಬೇಡಿ. ಎಂಜಿನ್‌ನಲ್ಲಿ ಮೆಲ್ಲಗೆ ಮುಂದೆ ಹೋಗಿ, ಸಡಿಲವಾದ ಚೈನನ್ನಷ್ಟೇ ಎತ್ತಲಿ.

50 ಮೀಟರ್ ಚೈನ್ ಬಿಟ್ಟ ದೋಣಿ ಗಾಳಿ, ಸೆಳೆತ ತಿರುಗಿದಂತೆ ದೊಡ್ಡ ವೃತ್ತ ಸುತ್ತುತ್ತದೆ. ಆ ವೃತ್ತದೊಳಗೆ ಹವಳ, ಬೇರೆ ದೋಣಿ ಇರಕೂಡದು. ಬಿಳಿ ಪಿರಮಿಡ್ ಆಕಾರದ ತೇಲುಗುರುತುಗಳಿಂದ ದಡದ ಕಡೆಗೆ ಲಂಗರು ನಿಷಿದ್ಧ. ಅಂಥಲ್ಲಿ ದೋಣಿ ಕಟ್ಟಿಹಾಕಲು ತೇಲುವ ಸಾರ್ವಜನಿಕ ಮೂರಿಂಗ್ ಬುರುಡೆಗಳಿರುತ್ತವೆ. ಎಷ್ಟು ಉದ್ದದ ದೋಣಿ, ಎಷ್ಟು ಗಾಳಿ, ಎಷ್ಟು ಹೊತ್ತು ಎಂಬುದು ಬುರುಡೆಯ ಮೇಲಿನ ಪಟ್ಟಿಯಲ್ಲೇ ಬರೆದಿರುತ್ತದೆ. ಆಗ್ನೇಯ ಗಾಳಿ ಜೋರಿದ್ದ ರಾತ್ರಿ ಹುಕ್ ದ್ವೀಪದ ಉತ್ತರದ ಬಟರ್‌ಫ್ಲೈ ಬೇ ಬೇಡ. ಗುಡ್ಡದ ನೆತ್ತಿಯಿಂದ ಗಾಳಿ ಗುಂಡು ಹೊಡೆದಂತೆ ಇಳಿದು ದೋಣಿಯನ್ನು ಅತ್ತಿತ್ತ ಎಳೆಯುತ್ತದೆ. ನಾರಾ ಇನ್‌ಲೆಟ್ ಒಳಗೆ ಉದ್ದಕ್ಕೂ ಚಾಚಿದೆ, ರಕ್ಷಣೆ ಒಳ್ಳೆಯದು. ದಡ ಹತ್ತಿದರೆ ಈ ದ್ವೀಪಗಳ ಮೂಲನಿವಾಸಿಗಳಾದ ಙಾರೋ ಜನರ ಗುಹಾಚಿತ್ರಗಳಿವೆ. ಅದಕ್ಕಾಗಿಯೇ ಒಂದು ಬೆಳಿಗ್ಗೆ ಮೀಸಲಿಡಬಹುದು.

ಪ್ರಶ್ನೆ: ಮಕ್ಕಳು ನೀರಿಗೆ ಇಳಿಯಬಹುದೇ? (ಓದುಗರು, ಸಿಡ್ನಿ)

ನವೆಂಬರ್‌ನಿಂದ ಮೇವರೆಗೆ ವಿಷದ ಬಾಕ್ಸ್ ಜೆಲ್ಲಿಮೀನು, ಇರುಕಾಂಜಿ ಎಂಬ ಪುಟ್ಟ ಜೆಲ್ಲಿಮೀನುಗಳ ಕಾಲ. ಮುಂಗೈ, ಪಾದದವರೆಗೆ ಮುಚ್ಚುವ ಲೈಕ್ರಾ ಸೂಟ್ ಇಲ್ಲದೆ ಯಾರೂ ಇಳಿಯಬಾರದು. ಉಳಿದ ತಿಂಗಳಲ್ಲೂ ಹಾಕುವುದು ಕ್ಷೇಮ. ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿಯಿರಿ, ತುರ್ತು ಸಂಖ್ಯೆ 000ಕ್ಕೆ ಅಥವಾ ದೋಣಿಯ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕರೆ ಮಾಡಿ. ಇರುಕಾಂಜಿ ಕುಟುಕಿದ್ದು ಮೊದಲು ಸೊಳ್ಳೆ ಕಚ್ಚಿದಷ್ಟೇ ಅನಿಸಬಹುದು. ಬೆನ್ನುನೋವು, ವಾಕರಿಕೆ, ಬೆವರು ಶುರುವಾಗುವುದು ಸುಮಾರು ಅರ್ಧ ಗಂಟೆಯ ನಂತರ. ಮಗು ‘ಏನೂ ಆಗಿಲ್ಲ’ ಎಂದರೂ ಕಣ್ಣಿಟ್ಟಿರಿ.

ಸಿಡ್ ಹಾರ್ಬರ್‌ನಲ್ಲಿ ಈಜಲೇಬೇಡಿ. 2018ರಲ್ಲಿ ಅಲ್ಲಿ ಶಾರ್ಕ್ ದಾಳಿಗಳಾಗಿ ಒಬ್ಬರು ತೀರಿಕೊಂಡಿದ್ದಾರೆ. ರಾತ್ರಿ ತಂಗಲು ಮಾತ್ರ ಅದು ಒಳ್ಳೆಯ ಜಾಗ.

ಪ್ರಶ್ನೆ: ಸಸ್ಯಾಹಾರಿಗಳು ನಾವು. ಏಳು ದಿನ ದೋಣಿಯಲ್ಲೇ ಅಡುಗೆ ಆದೀತೇ? (ಓದುಗರು, ಬ್ರಿಸ್ಬೇನ್)

ಧಾರಾಳವಾಗಿ. ಪ್ರೆಶರ್ ಕುಕ್ಕರ್ ಒಯ್ಯಿರಿ. ಗ್ಯಾಸ್, ನೀರು ಎರಡೂ ಉಳಿಯುತ್ತವೆ. ದೋಣಿ ವಾಲಿದರೆ ಬಿಗಿದ ಮುಚ್ಚಳದಿಂದ ಬಿಸಿ ಸಾರು ಚೆಲ್ಲುವುದಿಲ್ಲ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಇದ್ದರೆ ಅಲೆಯ ದಿನವೂ ಹಸಿದಿರಬೇಕಿಲ್ಲ. ತಲೆಗೆ ದಿನಕ್ಕೆ 10 ಲೀಟರ್ ಎಂದರೆ ಆರು ಮಂದಿಗೆ ವಾರಕ್ಕೆ 420 ಲೀಟರ್ ನೀರು. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ಉಜ್ಜಿ, ಕೊನೆಗೊಮ್ಮೆ ಸಿಹಿನೀರಿನಲ್ಲಿ ಅದ್ದಿ ತೆಗೆದರೆ ಈ ಲೆಕ್ಕ ಸಾಕಾಗುತ್ತದೆ. ಬ್ಯಾಟರಿ ತಿನ್ನುವುದು ಫ್ರಿಜ್. ಮೀಟರ್ 12.2 ವೋಲ್ಟ್‌ಗೆ ಇಳಿಯುವ ಮೊದಲೇ, ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಎಂಜಿನ್ ಓಡಿಸಿ.

ಗ್ಯಾಸ್ ವಿಷಯದಲ್ಲಿ ಮನೆಯ ರೂಢಿ ಬಿಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಹೋದೀತು, ದೋಣಿಯಲ್ಲಿ ಅದು ತಳದ ಗುಂಡಿಗೆ ಇಳಿದು ಅಲ್ಲೇ ಕೂರುತ್ತದೆ. ಎಂಜಿನ್ ಚಾಲೂ ಮಾಡುವಾಗಿನ ಒಂದು ಕಿಡಿ ಸಾಕು. ಆದ್ದರಿಂದ ಅಡುಗೆ ಮುಗಿದಾಗ ಮೊದಲು ಸಿಲಿಂಡರಿನ ಕವಾಟ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸ್ ಉರಿದು ಜ್ವಾಲೆ ತಾನಾಗಿ ಆರಲಿ, ಆಮೇಲೆ ಒಲೆಯ ನಾಬ್ ತಿರುಗಿಸಿ.