ಮೊದಲ ಆಲ್ಬಮ್ ಭಾವಗೀತೆ, ಎರಡನೆಯದು ಫ್ಯೂಷನ್ ಮಾಡಿದರೆ ಕೇಳುಗರು ಬಿಟ್ಟು ಹೋಗ್ತಾರಾ?

ಇದೇ ಪ್ರಶ್ನೆಯನ್ನು ನಾನೂ ಧಾರವಾಡದಲ್ಲಿ ಕಂಡಕಂಡವರಿಗೆಲ್ಲ ಕೇಳಿದ್ದೆ. ನನ್ನ ಮೊದಲ ಆಲ್ಬಮ್ ವಚನಗಳದ್ದು. ತಂಬೂರಿ, ಹಾರ್ಮೋನಿಯಂ, ತಬಲಾ, ಅಷ್ಟೇ. ಮಠಗಳಿಂದ, ಜಾತ್ರೆಗಳಿಂದ ಕರೆ ಬರತೊಡಗಿತು. ಎರಡನೆಯದಕ್ಕೆ ಗಿಟಾರ್, ಡ್ರಮ್ಸ್ ಬೇಕು ಅನ್ನಿಸಿತು. ಆ ಆಸೆ ತಪ್ಪಲ್ಲ, ಈಗಲೂ ಹಾಗೇ ಹೇಳ್ತೀನಿ.

ಕೆಟ್ಟಿದ್ದು ಟ್ರ್ಯಾಕ್‌ನಿಂದ, ಅಂದರೆ ಮೊದಲೇ ನುಡಿಸಿ ರೆಕಾರ್ಡ್ ಮಾಡಿಟ್ಟ ವಾದ್ಯಸಂಗೀತದಿಂದ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ವಾದ್ಯವೆಲ್ಲ ಮುಗಿಸಿ, ಕೊನೆಗೆ ನನ್ನನ್ನು ಹಾಡಲು ಕರೆದರು. ನಾನು ಮೊದಲೇ ಶ್ರುತಿ ಹೇಳಿರಲಿಲ್ಲ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನನ್ನದು ಕಪ್ಪು ಒಂದು, ಟ್ರ್ಯಾಕ್ ಇದ್ದದ್ದು ಅದಕ್ಕಿಂತ ಎತ್ತರದ ಬಿಳಿ ಮೂರಕ್ಕೆ. ತಾರ ಷಡ್ಜಕ್ಕೆ, ಅಂದರೆ ಮೇಲಿನ ಸಾ-ಗೆ ಹೋದರೆ ಗಂಟಲು ಬಿಗಿಯುತ್ತಿತ್ತು. ಕಂಪ್ಯೂಟರ್‌ನಲ್ಲಿ ಶ್ರುತಿ ಇಳಿಸಿ ನೋಡಿದರು, ಗಿಟಾರ್ ಸತ್ವವೇ ಹೋಯಿತು. ಲಯದ್ದು ಇನ್ನೊಂದು ಕಷ್ಟ. ತಬಲಾದವರು ನಾನು ಒಂದು ಸಾಲನ್ನು ಹಿಗ್ಗಿಸಿದರೆ ಮುಖ ನೋಡಿಕೊಂಡು ಕಾಯುತ್ತಾರೆ, ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಜೊತೆಯಾಗಿ ಬರುತ್ತಾರೆ. ಸ್ಟುಡಿಯೋದಲ್ಲಿ ಲಯಕ್ಕೆ ಹೆಡ್‌ಫೋನ್‌ನಲ್ಲಿ ಕೇಳಿಸುವ ಟಿಕ್ ಟಿಕ್, ಅಂದರೆ ಕ್ಲಿಕ್, ಯಾರಿಗೂ ಕಾಯೋದಿಲ್ಲ. ಆಲಾಪಕ್ಕೆ ಸ್ಟುಡಿಯೋದವರು ಬಿಟ್ಟ ಜಾಗದಲ್ಲಿ ಉಸಿರು ತಗೊಳ್ಳೋದೂ ಕಷ್ಟ. "ಈಗ ಬದಲಿಸಿದರೆ ಎಲ್ಲಾ ಮೊದಲಿಂದ ಮಾಡಬೇಕ್ರಿ ಸರ್" ಅಂದರು. ದುಡ್ಡು ಕೊಟ್ಟಾಗಿತ್ತು. ಹಾಡಿ ಬಂದೆ.

ಆಲ್ಬಮ್ ಕೇಳಿದವರು ಗಿಟಾರ್ ಬಗ್ಗೆ ಏನೂ ಅನ್ನಲಿಲ್ಲ. "ಇದು ನಿಮ್ಮ ದನಿ ಅನ್ನಿಸಲಿಲ್ಲರೀ" ಅಂದರು. ವೇದಿಕೆಯಲ್ಲೂ ಆ ಹಾಡುಗಳು ನನ್ನಿಂದ ಆಗಲಿಲ್ಲ. ಕರೆಗಳು ಕಡಿಮೆಯಾದವು.

ಅದಕ್ಕೇ ಕೇಳುಗರ ಚಿಂತೆ ಬಿಡಿ ಅಂತೀನಿ. ಹೊಸದು ನಿಮ್ಮ ಗಂಟಲಿಗೆ ಇಳಿದಿದೆಯಾ, ಅದನ್ನು ಕೇಳಿಕೊಳ್ಳಿ. ನಮ್ಮ ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನೇ ನೋಡಿ. ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಹಾಡುವ ಶೈಲಿ ಕಲಿತು, ಗ್ರಾಮಫೋನ್ ರೆಕಾರ್ಡ್ ಕೊಟ್ಟು ಹೆಸರು ಮಾಡಿದ್ದವರು. ಅಂಥವರು ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು, ಜೈಪುರ-ಅತ್ರೌಲಿ ಘರಾಣೆಯ ಶೈಲಿ ಕಲಿಯೋಕೆ. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜೀಖಾನರ ಹತ್ತಿರ ಮುಂದುವರಿಸಿದರು. ಶೈಲಿ ಬದಲಿಸೋದು ಅಂದರೆ ನನ್ನ ಪಾಲಿಗೆ ಅದು. ಸುಮ್ನೆ ವಾದ್ಯ ಬದಲಿಸೋದಲ್ಲ.

ನೀವು ಮೊದಲು ತಂಬೂರಿ, ತಬಲಾ ಜೊತೆ ನಿಮ್ಮ ಶ್ರುತಿಯಲ್ಲಿ ಹಾಡಿ ರೆಕಾರ್ಡ್ ಮಾಡಿ. ಅದನ್ನು ಗಿಟಾರ್‌ನವರಿಗೆ ಕೊಟ್ಟು, ನಿಮ್ಮ ಹಾಡಿನ ಮೇಲೆ ನುಡಿಸೋಕೆ ಹೇಳಿ. ಕಪ್ಪು ಶ್ರುತಿ ಕಷ್ಟ ಅಂದರೆ ನಂಬಬೇಡಿ, ಗಿಟಾರ್ ಕುತ್ತಿಗೆಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿದರೆ ಆಯ್ತು. ಒಪ್ಪದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಬೇರೆಯವರನ್ನು ನೋಡಿಕೊಳ್ಳಿ.