ಮೊದಲ ಗೇಮಿಂಗ್ ಪಿಸಿ: ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಕರೆಂಟ್ ನೋಡಿ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೊಮ್ಮೆ, ಪಿಯುಸಿ ರಿಸಲ್ಟ್ ಬಂದ ಮೇಲೊಮ್ಮೆ, ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಹೆಚ್ಚಿನವರು ಕೇಳುವುದು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಮಾತ್ರ. ಆದರೆ ನನ್ನ ಟೇಬಲ್‌ಗೆ ಸುಟ್ಟು ಬರುವ ಕಂಪ್ಯೂಟರ್‌ಗಳು ಕಾರ್ಡ್ ಆರಿಸುವಾಗ ಎಡವಿದ್ದಕ್ಕೆ ಸುಟ್ಟಿರುವುದಿಲ್ಲ. ಹಾಗಾಗಿ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ರ‍್ಯಾಮ್ ಎಂದರೇನು, ಪ್ರೊಸೆಸರ್ ಎಂದರೇನು ಎಂದು ವಿವರಿಸುವುದಿಲ್ಲ. ಅಷ್ಟು ತಿಳಿದುಕೊಂಡೇ ದುಡ್ಡು ಹಾಕಲು ಹೊರಟಿದ್ದೀರಿ, ಅಲ್ವಾ?

ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪ ಅಡಿಕೆ ಮಾರಿದ ಮೇಲೆ 50 ಸಾವಿರ ಕೊಡುತ್ತಾರೆ. ರೈಜನ್ 5 5600 ಮತ್ತು ಆರ್‌ಎಕ್ಸ್ 6600 ಕಾರ್ಡ್ ಹಾಕಿಸಬೇಕು ಅಂತಿದ್ದೇನೆ. ದುಡ್ಡು ಸ್ವಲ್ಪ ಕಡಿಮೆ ಬೀಳುತ್ತಿದೆ. ಕ್ಯಾಬಿನೆಟ್ ಜೊತೆ ಫ್ರೀ ಬರುವ 450 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಸಾಕಲ್ವಾ?

ಸಾಕಾಗುವುದಿಲ್ಲ ಮಾರಾಯ್ರೆ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ.

ನೀವು ಆರಿಸಿದ ಪ್ರೊಸೆಸರ್ ಚೆನ್ನಾಗಿದೆ. ಕಾರ್ಡ್ ಕೂಡ 1080ಪಿ ಮಾನಿಟರ್‌ಗೆ ತಕ್ಕದ್ದು. ಇನ್ನು ಲೆಕ್ಕ ನೋಡಿ. ಆರ್‌ಎಕ್ಸ್ 6600 ಜೋರಾಗಿ ಓಡುವಾಗ ಸುಮಾರು 132 ವ್ಯಾಟ್ ಎಳೆಯುತ್ತದೆ. 5600 ಹೆಚ್ಚೆಂದರೆ 76 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ ಇನ್ನೊಂದು 50 ಇಟ್ಟುಕೊಳ್ಳಿ. ಒಟ್ಟು 260ರ ಆಸುಪಾಸು. ‘450 ಇದೆಯಲ್ಲ, ಇನ್ನೂ ಮಿಗುತ್ತದೆ’ ಅಂತ ನಿಮಗೆ ಅನಿಸುತ್ತದೆ. ಮೋಸ ಇರುವುದು ಅಲ್ಲೇ.

ಎಸ್‌ಎಂಪಿಎಸ್ ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. ದೊಡ್ಡಕ್ಷರದ 450 ಬಿಡಿ. ಕೆಳಗಿನ ಸಣ್ಣ ಪಟ್ಟಿಯಲ್ಲಿ +12 ವೋಲ್ಟ್ ಎಂಬ ಸಾಲು ಇರುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುತೇಕ ಆ ಲೈನಿನಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಅಲ್ಲಿ 15 ಆಂಪಿಯರ್ ಅಂತ ಬರೆದಿದ್ದರೆ 12ನ್ನು 15ರಿಂದ ಗುಣಿಸಿ. 180 ವ್ಯಾಟ್. ನಿಮ್ಮ ಕಾರ್ಡ್ ಮತ್ತು ಪ್ರೊಸೆಸರ್ ಎರಡೇ ಸೇರಿ 200 ದಾಟುತ್ತವೆ. ತೋಟದ 5 ಎಚ್‌ಪಿ ಮೋಟರ್‌ಗೆ ಮನೆ ಬಲ್ಬಿನ ವೈರ್ ಎಳೆಯಲು ನಿಮ್ಮ ಅಪ್ಪ ಒಪ್ಪುತ್ತಾರಾ? ಕೇಳಿ ನೋಡಿ.

ಹೆಸರಿರುವ ಕಂಪನಿಯ 500 ಅಥವಾ 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಗುರುತಿರುವ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಆ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ರಕ್ಷಣೆ ಬೇರೆ ವಿಷಯ. ವೋಲ್ಟೇಜ್ ಏರಿದರೆ, ಶಾರ್ಟ್ ಆದರೆ, ಬಿಸಿ ಮೀರಿದರೆ ತಾನೇ ಬಂದ್ ಆಗುವ ವ್ಯವಸ್ಥೆ ಒಳಗಿರಬೇಕು. ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ. 5 ವರ್ಷ ವಾರಂಟಿ ಇದ್ದರೆ ಇನ್ನೂ ಒಳ್ಳೆಯದು. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇರುವುದನ್ನೇ ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ನಿಮ್ಮ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಆಗಲೂ ಇದು ನಿಲ್ಲದೆ ಕೆಲಸ ಮಾಡುತ್ತದೆ. ಸ್ಟೆಬಿಲೈಜರ್‌ಗೆ ಬೇರೆ ದುಡ್ಡು ಬೇಡ.

ಅಗ್ಗದ ಎಸ್‌ಎಂಪಿಎಸ್‌ಗಳ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇರುತ್ತದೆ. ಧೂಳು ಒರೆಸುವಾಗಲೋ, ಮಕ್ಕಳ ಕೈ ತಾಗಿಯೋ ಅದು 115ಕ್ಕೆ ಹೋದರೆ, ಮುಂದಿನ ಸಲ ಸ್ವಿಚ್ ಹಾಕಿದ ಕೂಡಲೇ ‘ಢಂ’ ಎನ್ನುತ್ತದೆ.

ಈಗ ಅರ್ಥಿಂಗ್. ಇದಕ್ಕೆ ಯಾರೂ ದುಡ್ಡು ಇಡುವುದಿಲ್ಲ. ಆದರೆ ನಮ್ಮ ಕಡೆಯ ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ‘ಕಂಪ್ಯೂಟರ್ ಅಂದ್ರೆ ಹಾಗೇ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಸ್‌ಎಂಪಿಎಸ್ ಒಳಗೆ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆ ಲೋಹ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟ್‌ಗೆ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೆ ಬರೀ ಜುಮ್ ಅನ್ನುತ್ತದೆ. ಆದರೆ ನೀವು ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಅದೇ ಕರೆಂಟ್ ಪೋರ್ಟ್ ಮೂಲಕ ದಾರಿ ಹುಡುಕುತ್ತದೆ. ಹೊಸ ಕಾರ್ಡಿನ ಪೋರ್ಟ್ ಸತ್ತರೆ ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ.

ಎಲೆಕ್ಟ್ರಿಷಿಯನ್ ಕರೆಸಿ, ಮೀಟರ್ ಇಟ್ಟು ನೋಡಲು ಹೇಳಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಜಾಸ್ತಿ ಇರಬಾರದು. ಕೆಲವರು ಅರ್ಥಿಂಗ್ ಗುಂಡಿ ತೋಡುವ ಕೆಲಸ ತಪ್ಪಿಸಲು ಸಾಕೆಟ್ ಒಳಗೇ ನ್ಯೂಟ್ರಲ್ ಮತ್ತು ಅರ್ಥ್ ಪಿನ್ ಸೇರಿಸಿ ವೈರ್ ಸುತ್ತಿ ಹೋಗುತ್ತಾರೆ. ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ. ಒಂದು ದಿನ ಮಳೆಗೆ, ಗಾಳಿಗೆ ನ್ಯೂಟ್ರಲ್ ಕಡಿದರೆ ಇಡೀ ಕ್ಯಾಬಿನೆಟ್‌ಗೆ 230 ವೋಲ್ಟ್ ಬರುತ್ತದೆ. ಇದು ಜೀವ ತೆಗೆಯುವ ಕೆಲಸ. ಹಾಗೆ ಮಾಡುವವರನ್ನು ಮನೆಗೆ ಸೇರಿಸಬೇಡಿ. ಸರಿಯಾದ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಿ. ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ಸಿಡಿಲಿನ ಬಗ್ಗೆ ಹೇಳದಿದ್ದರೆ ಈ ಉತ್ತರ ಮುಗಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರ್ ಹೊತ್ತಿನ ಗುಡುಗು, ಎರಡೂ ನಮ್ಮ ಕಡೆ ಕಂಪ್ಯೂಟರ್‌ಗೆ ಶತ್ರು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಕತ್ತರಿಸುವುದು ಒಂದು ವೈರ್ ಮಾತ್ರ, ಅದರ ಸಣ್ಣ ಸಂದನ್ನು ಸಿಡಿಲು ಸುಲಭವಾಗಿ ಹಾರುತ್ತದೆ. ಲ್ಯಾನ್ ಕೇಬಲ್ ಕೂಡ ತೆಗೆಯಿರಿ. ‘ನಮ್ಮದು ಫೈಬರ್, ಏನೂ ಆಗಲ್ಲ’ ಅನ್ನುವವರಿದ್ದಾರೆ. ಮನೆವರೆಗೆ ಬರುವುದು ಫೈಬರ್ ಸರಿ. ಆದರೆ ಅದು ಸೇರುವ ರೂಟರ್ ಡಬ್ಬಿಗೆ ಕರೆಂಟ್ ಬರುವುದು ಗೋಡೆಯ ಸಾಕೆಟ್‌ನಿಂದ, ಡಬ್ಬಿಯಿಂದ ಕಂಪ್ಯೂಟರ್‌ವರೆಗೆ ಬರುವುದು ತಾಮ್ರದ ಕೇಬಲ್.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ಇನ್ನೂ ಹುಷಾರಾಗಿರಬೇಕು. ಮಾಡಿನ ಮೇಲಿನ ಡಿಶ್‌ನಿಂದ ಸೆಟ್ ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಟಿವಿಯಿಂದ ಎಚ್‌ಡಿಎಂಐ ಮೂಲಕ ನೇರ ನಿಮ್ಮ ಗ್ರಾಫಿಕ್ಸ್ ಕಾರ್ಡ್. ಸಿಡಿಲಿಗೆ ಇಷ್ಟು ದಾರಿ ಸಾಕು. ಸ್ಪೈಕ್ ಗಾರ್ಡ್ ಅಂತ ಮಾರುವ ಎಷ್ಟೋ ಡಬ್ಬಿಗಳು ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ನಿಜವಾದದ್ದೂ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಹತ್ತಿರ ಬಿದ್ದ ಸಿಡಿಲನ್ನಲ್ಲ. ಸಿಡಿಲಿಗೆ ಸುಟ್ಟ ಪಾರ್ಟ್‌ಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಉಳಿಸುವುದು? ಬಣ್ಣದ ಲೈಟ್ ಬೇಡ. ಗಾಜಿನ ಕ್ಯಾಬಿನೆಟ್ ಬೇಡ, ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ ಸಾಕು. ಬೇರೆ ಕೂಲರ್ ಬೇಡ, 5600 ಡಬ್ಬಿಯಲ್ಲೇ ಒಂದು ಬರುತ್ತದೆ. ಮದರ್‌ಬೋರ್ಡ್ ಬಿ450 ಆದರೂ ನಡೆಯುತ್ತದೆ, ಆದರೆ ಬಯೋಸ್ (ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಯೇ ತನ್ನಿ, ಹಳೇ ಬಯೋಸ್‌ನಲ್ಲಿ 5600 ಎದ್ದೇಳುವುದಿಲ್ಲ. ಸದ್ಯಕ್ಕೆ 500 ಜಿಬಿ ಎಸ್‌ಎಸ್‌ಡಿ ಸಾಕು. ರ‍್ಯಾಮ್ ಮಾತ್ರ 8 ಜಿಬಿಯ ಎರಡು ಕಡ್ಡಿ ಹಾಕಿ, ಎರಡು ಚಾನೆಲ್‌ನಲ್ಲಿ ಓಡಲಿ.

ಇಷ್ಟಾದರೂ ದುಡ್ಡು ಸಾಲದಿದ್ದರೆ ಕಾರ್ಡನ್ನು ಮುಂದಿನ ಕೊಯ್ಲಿಗೆ ಬಿಡಿ. ಆಗ 5600 ಬೇಡ, 5600ಜಿ ತೆಗೆದುಕೊಳ್ಳಿ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ. 5600ಜಿಯಲ್ಲಿ ವ್ಯಾಲರಂಟ್ ಥರದ ಹಗುರ ಆಟ ಆರಾಮಾಗಿ ಓಡುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಈಗಲೇ ಇದ್ದರೆ ಆಮೇಲೆ ಕಾರ್ಡ್ ತಂದು ಚುಚ್ಚಿದರೆ ಆಯಿತು.

ಆನ್‌ಲೈನ್‌ನಲ್ಲಿ 15 ಸಾವಿರಕ್ಕೆ ಐ7 ಗೇಮಿಂಗ್ ಪಿಸಿ ಸಿಗುತ್ತಿದೆ. 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ತಗೊಳ್ಳಬಹುದಾ? (ಸಾಗರ)

ಬೇಡ. ಅದು ಯಾವ ಐ7 ಅಂತ ಕೇಳಿ. ಹೆಚ್ಚಾಗಿ ಐ7-2600 ಇರುತ್ತದೆ, 2011ರ ಚಿಪ್. ಆಫೀಸುಗಳು ಎಸೆದ ಕಂಪ್ಯೂಟರ್‌ನಿಂದ ಕಿತ್ತು, ಹೊಸದಾಗಿ ಮಾಡಿದ ಎಚ್61 ಬೋರ್ಡ್‌ಗೆ ಕೂರಿಸಿ, ಸುತ್ತ ಬಣ್ಣದ ಫ್ಯಾನ್ ಹಾಕಿ ಮಾರುತ್ತಾರೆ. ಆ 4 ಜಿಬಿ ಕಾರ್ಡ್ ಹೆಚ್ಚಾಗಿ ಜಿಟಿ 730. ಮೆಮೊರಿ ಎಷ್ಟಿದ್ದರೇನು, ಆ ಚಿಪ್‌ಗೆ ಆಟ ಆಡಿಸುವ ಶಕ್ತಿಯೇ ಇಲ್ಲ. ವಿಂಡೋಸ್ 11 ಆ ಐ7ಗೆ ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೋ 11 ಹಾಕಿಸಿದರೂ, ಅದರ ಮೇಲೆ ವ್ಯಾಲರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳು ಬೇಕು. ಹೊಸ ಆಟಗಳಲ್ಲಿ ಕೆಲವು ಆ ಚಿಪ್‌ನಲ್ಲಿ ಶುರುವೇ ಆಗುವುದಿಲ್ಲ. ಮಕ್ಕಳು ಕೂಡಿಟ್ಟ ದುಡ್ಡನ್ನು ಹೀಗೆ ದೋಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ಸೂಪರ್ ಡೀಲ್’ ಅಂತ ವಿಡಿಯೋ ಮಾಡಿ ಅವರಿಗೆ ಗಿರಾಕಿ ಹಿಡಿದುಕೊಡುವವರ ಮೇಲೂ ಅಷ್ಟೇ.

ಬಿ450 ಬೋರ್ಡ್‌ಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಬಹುದಾ? (ಭದ್ರಾವತಿ)

ಹಾಕಬೇಡಿ. ಬೋರ್ಡ್ ಜೊತೆ ಡೇಟಾ ಸಾಗಿಸಲು ಅದಕ್ಕೆ ಇರುವುದು ನಾಲ್ಕೇ ಲೇನ್, ಅಂದರೆ ದಾರಿ. ಬಿ450 ಥರದ ಹಳೇ, ನಿಧಾನದ ಪಿಸಿಐಇ 3 ಬೋರ್ಡ್‌ನಲ್ಲಿ ಅದರ ಉಸಿರು ಕಟ್ಟುತ್ತದೆ.

ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತಾ? (ಶಿಕಾರಿಪುರ)

ಇಲ್ಲ. ಕಂಪ್ಯೂಟರ್ ಎಷ್ಟು ಎಳೆಯುತ್ತದೋ ಅಷ್ಟಕ್ಕೇ ಬಿಲ್.

ಲಿಕ್ವಿಡ್ ಕೂಲರ್ ಬೇಕಾ? (ಶಿವಮೊಗ್ಗ)

50 ಸಾವಿರದ ಪಿಸಿಗೆ ಬೇಡ. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರ ಕೊಡುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದ ಕೂಡಲೇ ಪಿಸಿ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಬೇರೆ ಬೇಕಾ? (ಹೊಸನಗರ)

ಮೊದಲು ಇನ್ವರ್ಟರ್ ಹಿಂದೆ ನೋಡಿ. ತುಂಬಾ ಮಾಡೆಲ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದಕ್ಕೆ ಹಾಕಿದರೆ ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುತ್ತದೆ. ನಿಮ್ಮದು ಸ್ಕ್ವೇರ್ ವೇವ್ (ಮನೆಯ ಕರೆಂಟಿನ ಸೈನ್ ವೇವ್‌ನಂತೆ ನಯವಾಗಿ ಏರಿಳಿಯದ) ಇನ್ವರ್ಟರ್ ಆಗಿದ್ದರೆ ಮಾತ್ರ ಕಷ್ಟ, ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಒಗ್ಗುವುದಿಲ್ಲ. ಸೈನ್ ವೇವ್ ಇದ್ದರೆ ಯುಪಿಎಸ್ ಬೇಡ. ಇಲ್ಲದಿದ್ದರೆ ಸಣ್ಣ ಯುಪಿಎಸ್ ತೆಗೆದುಕೊಳ್ಳಿ, ಆದರೆ ಡಬ್ಬಿಯ ಮೇಲಿನ ವಿಎ (ವೋಲ್ಟ್-ಆಂಪಿಯರ್) ಅಂಕಿ ನೋಡಿ ಮೋಸ ಹೋಗಬೇಡಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಅದು ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಬಂದ್ ಮಾಡಲು.

ಮಳೆಗಾಲದಲ್ಲಿ ಹಾಸ್ಟೆಲ್‌ಗೆ ಹೋಗಿರುತ್ತೇನೆ. ಪಿಸಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಲಾ? (ಕೊಪ್ಪ)

ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಮನೆಯಲ್ಲಿರುವವರಿಗೆ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಲು ಹೇಳಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಬಚ್ಚಲು ಒಲೆಯ ಹೊಗೆ ಬರುವ ಕೋಣೆಯಲ್ಲಿ ಇಡಬೇಡಿ. ಕ್ಯಾಬಿನೆಟ್ ಹಿಂದಿನ ಖಾಲಿ ಸಂದುಗಳನ್ನು ಜಾಲರಿಯಿಂದ ಮುಚ್ಚಿ, ಬೆಚ್ಚಗಿನ ಜಾಗ ಅಂತ ಹಲ್ಲಿ, ಇರುವೆ ಒಳಗೆ ಸೇರುತ್ತವೆ. ತಿಂಗಳುಗಟ್ಟಲೆ ಬಿಟ್ಟ ಮೇಲೆ ಡಿಸ್‌ಪ್ಲೇ ಬರದಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಒರೆಸಿ ಹಾಕಿ. ಅಂಗಡಿಗೆ ಹೊತ್ತು ತರುವ ಮೊದಲು ಇಷ್ಟು ಮಾಡಿ ನೋಡಿ.

ಬೆಂಗಳೂರು ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಅಗ್ಗಕ್ಕೆ ಸಿಗುತ್ತಂತೆ. ತರಲಾ? (ಶೃಂಗೇರಿ)

ಅಲ್ಲೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ, ಸೀರಿಯಲ್ ನಂಬರ್ ಬರೆದ ಬಿಲ್ ಕೊಟ್ಟರೆ ತನ್ನಿ. ಎರಡರಲ್ಲಿ ಒಂದಕ್ಕೆ ‘ಆಗಲ್ಲ’ ಅಂದರೂ ಖಾಲಿ ಕೈಯಲ್ಲಿ ಬಸ್ ಹತ್ತಿ.